ವೈದ್ಯಕೀಯ ಸಾಫ್ಟ್‌ವೇರ್ ಕಟ್ಟಲು ಯಾವ ಟೂಲ್? ಆರಿಸುವವರಿಗೊಂದು ಹೋಲಿಕೆ

ಟೂಲ್‌ಗಳನ್ನು ಹೋಲಿಸುವ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎಡಗಡೆ ಸೌಲಭ್ಯಗಳ ಸಾಲು, ಮೇಲೆ ಉತ್ಪನ್ನಗಳ ಹೆಸರು, ನಡುವೆ ಹಸಿರು ಗುರುತುಗಳು. ಯಾವುದಕ್ಕೆ ಹಸಿರು ಹೆಚ್ಚೋ ಅದನ್ನು ಕೊಳ್ಳುವುದು. ಸಂಬಳದ ಲೆಕ್ಕ ಇಡುವ ಸಾಫ್ಟ್‌ವೇರ್‌ಗೆ ಇಷ್ಟು ಸಾಕು. ಔಷಧ ಪಂಪು, ವೆಂಟಿಲೇಟರ್, ಸ್ಕ್ಯಾನ್ ಚಿತ್ರಗಳನ್ನು ಓದುವ ಪ್ರೋಗ್ರಾಂ ಕಟ್ಟುವವರಿಗೆ ಸಾಲದು. ಅಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಈ ಟೂಲ್ ತಪ್ಪು ಮಾಡಿದರೆ ಅದು ಯಾರ ಕಣ್ಣಿಗೆ ಬೀಳುತ್ತದೆ? ಮುಂದಿನ ಹಂತದಲ್ಲಿ ಸಿಕ್ಕಿಬೀಳುವ ತಪ್ಪಾದರೆ ಉಚಿತ ಟೂಲ್ ಕೂಡ ನಡೆಯುತ್ತದೆ. ರೋಗಿಯ ಹಾಸಿಗೆಯವರೆಗೆ ಯಾರಿಗೂ ಕಾಣದೆ ಹೋಗಬಲ್ಲ ತಪ್ಪಾದರೆ ಎಷ್ಟು ದುಬಾರಿ ಟೂಲನ್ನೂ ಒಂಟಿಯಾಗಿ ನಂಬುವಂತಿಲ್ಲ. ಈ ಬರಹದ ಹೋಲಿಕೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಒಳಗೆ ಹೋಗುವುದು, ಹೊರಗೆ ಉಳಿಯುವುದು

ಹೋಲಿಕೆಗೆ ಇಳಿಯುವ ಮುನ್ನ ಒಂದು ವಿಂಗಡಣೆ ಆಗಬೇಕು. ಉಪಕರಣದೊಳಗೆ ಸೇರಿ ರೋಗಿಯ ಬಳಿಗೆ ಹೋಗುವ ಕೋಡ್ ಒಂದು ಗುಂಪು. ಅದನ್ನು ಬರೆಯಲು, ಪರೀಕ್ಷಿಸಲು, ದಾಖಲಿಸಲು ಬಳಸಿ ನಮ್ಮ ಮೇಜಿನ ಮೇಲೆಯೇ ಉಳಿಯುವಂಥದ್ದು ಇನ್ನೊಂದು. ಪುಟ್ಟ ಚಿಪ್‌ಗಳ ಆಪರೇಟಿಂಗ್ ಸಿಸ್ಟಂ ಫ್ರೀಆರ್‌ಟಿಒಎಸ್, ಸಂಪರ್ಕವನ್ನು ಗುಪ್ತಗೊಳಿಸುವ ಓಪನ್‌ಎಸ್‌ಎಸ್‌ಎಲ್, ಡೈಕಾಮ್ ಎಂಬ ವೈದ್ಯಕೀಯ ಮಾದರಿಯ ಚಿತ್ರಗಳನ್ನು ಬಿಡಿಸುವ ಡಿಸಿಎಂಟಿಕೆ ಮೊದಲ ಗುಂಪಿನವು. ಎಡಿಟರ್, ಕೋಡನ್ನು ಓಡಿಸದೆ ಓದಿ ದೋಷ ಹುಡುಕುವ ಸ್ಟ್ಯಾಟಿಕ್ ಅನಲೈಸರ್, ಪರೀಕ್ಷಾ ಚೌಕಟ್ಟು, ಅವಶ್ಯಕತೆಗಳ ಕಡತ ಎರಡನೆಯವು. ವೈದ್ಯಕೀಯ ಸಾಫ್ಟ್‌ವೇರ್ ತಯಾರಿಯ ಮಾನದಂಡವಾದ ಐಇಸಿ 62304 (2006ರಲ್ಲಿ ಬಂದು 2015ರಲ್ಲಿ ತಿದ್ದುಪಡಿಯಾದದ್ದು) ಹೊರಗಿನವರು ಬರೆದು ನಮ್ಮ ಉತ್ಪನ್ನದೊಳಗೆ ಸೇರುವ ಕೋಡನ್ನು ‘ಸೂಪ್’ ಎಂದು ಕರೆದು ಅದಕ್ಕೇ ಬೇರೆ ನಿಯಮಗಳನ್ನು ಇಟ್ಟಿದೆ: ಅದರಿಂದ ನಮಗೆ ಬೇಕಾದ ಕೆಲಸ ಯಾವುದು, ಅದಕ್ಕೆ ಯಾವ ಹಾರ್ಡ್‌ವೇರ್ ಬೇಕು ಎಂದು ಬರೆಯಬೇಕು, ಪ್ರಕಟವಾದ ದೋಷಪಟ್ಟಿಯನ್ನು ಓದಿ ನಮ್ಮ ಉಪಕರಣಕ್ಕೆ ಅಪಾಯವಿದೆಯೇ ಎಂದು ನೋಡಬೇಕು.

ಈ ವಿಂಗಡಣೆ ಸುಲಭ ಎನಿಸುತ್ತದೆ, ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬರುವವರೆಗೆ. ಕಂಪೈಲರ್ ನಮ್ಮ ಮೇಜಿನ ಮೇಲೆಯೇ ಉಳಿಯುತ್ತದೆ, ನಿಜ. ಆದರೆ ಅದರ ಜೊತೆಗೆ ಬರುವ ಗಣಿತದ ಲೈಬ್ರರಿ, ಭಾಗಾಕಾರದ ಕಿರುಕೋಡ್, ಯಂತ್ರ ಚಾಲೂ ಆದಾಗ ಮೊದಲು ಓಡುವ ಸಾಲುಗಳು ಉಪಕರಣದೊಳಗೆ ಹೋಗುತ್ತವೆ. ಕಂಪೈಲರನ್ನು ಟೂಲ್ ಪಟ್ಟಿಯಲ್ಲಿ ಬರೆದು, ಅದರ ಲೈಬ್ರರಿಯನ್ನು ಸೂಪ್ ಪಟ್ಟಿಯಲ್ಲಿ ಬರೆಯಲು ಮರೆಯುವ ತಂಡಗಳು ಕಡಿಮೆಯೇನಿಲ್ಲ.

ಎಷ್ಟು ಕಾಳಜಿ ಬೇಕೆನ್ನುವುದು ಉಪಕರಣದ ಸುರಕ್ಷತಾ ವರ್ಗದ ಮೇಲಿದೆ. ಸಾಫ್ಟ್‌ವೇರ್ ಕೈಕೊಟ್ಟರೂ ಯಾರಿಗೂ ಗಾಯವಾಗದಿದ್ದರೆ ಎ, ಗಂಭೀರವಲ್ಲದ ಗಾಯವಾಗಬಹುದಾದರೆ ಬಿ, ಸಾವು ಅಥವಾ ಗಂಭೀರ ಗಾಯ ಸಾಧ್ಯವಿದ್ದರೆ ಸಿ. ಟೂಲ್‌ಗಳ ಆವೃತ್ತಿ ಮತ್ತು ಸೆಟ್ಟಿಂಗ್‌ಗಳನ್ನು ಬಿ, ಸಿ ಎರಡರಲ್ಲೂ ಹಿಡಿತದಲ್ಲಿ ಇಡಬೇಕು. ಸಿ ವರ್ಗದಲ್ಲಿ ಯಾವ ಟೂಲ್, ಯಾವ ವಿಧಾನ ಎನ್ನುವುದನ್ನೂ ಯೋಜನೆಯಲ್ಲಿ ಬರೆಯಬೇಕು. ಇಷ್ಟು ಹೇಳಿ 62304 ಸುಮ್ಮನಾಗುತ್ತದೆ. ಯಾವ ಟೂಲ್ ಎಷ್ಟು ಅಪಾಯಕಾರಿ ಎಂದು ಅಳೆಯುವ ಕೋಲನ್ನು ಅದು ಕೊಡುವುದಿಲ್ಲ. ಹಾಗಾಗಿ ಅದನ್ನು ಪಕ್ಕದ ಮನೆಯಿಂದ ಎರವಲು ತರಬೇಕಾಗುತ್ತದೆ.

ಕೈಗಾರಿಕಾ ಸುರಕ್ಷತೆಯ ಐಇಸಿ 61508 ಟೂಲ್‌ಗಳನ್ನು ಮೂರಾಗಿ ವಿಂಗಡಿಸುತ್ತದೆ. ಟಿ1 ಎಂದರೆ ಅಂತಿಮ ಕೋಡಿಗೆ ಏನನ್ನೂ ಸೇರಿಸದವು, ಎಡಿಟರ್‌ನಂತೆ. ಟಿ2 ಪರೀಕ್ಷೆ, ತಪಾಸಣೆಗೆ ಬಳಸುವವು: ಇವು ದೋಷ ಹುಟ್ಟಿಸಲಾರವು, ಇರುವ ದೋಷವನ್ನು ಕಾಣದೆ ಬಿಡಬಲ್ಲವು. ಟಿ3 ಅಂತಿಮ ಕೋಡನ್ನೇ ತಯಾರಿಸುವವು. ಕಂಪೈಲರ್ ಇಲ್ಲಿ ಬರುತ್ತದೆ. ವಾಹನಗಳ ಐಎಸ್‌ಒ 26262 ಇನ್ನೂ ನೇರವಾಗಿ ಎರಡು ಪ್ರಶ್ನೆ ಕೇಳುತ್ತದೆ: ಟೂಲ್‌ನ ತಪ್ಪಿನಿಂದ ಸುರಕ್ಷತೆಗೆ ಧಕ್ಕೆ ಆಗಬಹುದೇ, ಆ ತಪ್ಪು ಹೊರಬೀಳುವ ಸಾಧ್ಯತೆ ಎಷ್ಟು? ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ. ಎಲ್ಲರೂ ಟಿ3ಕ್ಕೆ ಹೆದರುತ್ತಾರೆ, ಟಿ2ನ್ನು ಹಗುರವಾಗಿ ನೋಡುತ್ತಾರೆ. ಕಂಪೈಲರ್ ತಪ್ಪಿದರೆ ಪರೀಕ್ಷೆ ಹಿಡಿಯಬಹುದು. ಪರೀಕ್ಷೆಯ ಟೂಲೇ ತಪ್ಪಿದರೆ ಅದರ ಹಿಂದೆ ನಿಂತು ಹಿಡಿಯುವವರು ಸಾಮಾನ್ಯವಾಗಿ ಇರುವುದಿಲ್ಲ.

ಕಂಪೈಲರ್‌ಗಳು

ಆಯ್ಕೆಗಳು ಸ್ಥೂಲವಾಗಿ ಮೂರು. ಜಿಸಿಸಿ, ಕ್ಲ್ಯಾಂಗ್‌ನಂಥ ಮುಕ್ತ ಕಂಪೈಲರ್‌ಗಳು. ಐಎಆರ್, ಆರ್ಮ್ ಮುಂತಾದ ಸಂಸ್ಥೆಗಳು ಸುರಕ್ಷತಾ ಪ್ರಮಾಣಪತ್ರದೊಂದಿಗೆ ಮಾರುವ ಆವೃತ್ತಿಗಳು. ಸರಿಯೆಂದು ಗಣಿತದಿಂದ ಸಾಧಿಸಿದ ಕಾಂಪ್‌ಸರ್ಟ್.

ಕಂಪೈಲರ್‌ಗಳಲ್ಲಿ ದೋಷವೇ ಇರುವುದಿಲ್ಲ ಎಂಬ ನಂಬಿಕೆಯನ್ನು 2011ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಚೆನ್ನಾಗಿಯೇ ಅಲುಗಾಡಿಸಿದರು. ಸಿಸ್ಮಿತ್ ಎಂಬ ಟೂಲ್ ಬರೆದು, ಅದರಿಂದ ಮನಬಂದಂತೆ ಸಿ ಭಾಷೆಯ ಪ್ರೋಗ್ರಾಂಗಳನ್ನು ಹುಟ್ಟಿಸಿ, ಒಂದೇ ಪ್ರೋಗ್ರಾಂ ಬೇರೆ ಬೇರೆ ಕಂಪೈಲರ್‌ಗಳಲ್ಲಿ ಬೇರೆ ಉತ್ತರ ಕೊಡುತ್ತದೆಯೇ ಎಂದು ನೋಡಿದರು. ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ವರದಿ ಮಾಡಿದರು. ಜಿಸಿಸಿ, ಕ್ಲ್ಯಾಂಗಿನ ಬುನಾದಿಯಾದ ಎಲ್‌ಎಲ್‌ವಿಎಂ, ಹಣ ಕೊಟ್ಟು ಕೊಳ್ಳುವ ಕಂಪೈಲರ್‌ಗಳು, ಯಾವುವೂ ತಪ್ಪಿಸಿಕೊಳ್ಳಲಿಲ್ಲ. ಕಾಂಪ್‌ಸರ್ಟ್‌ನ ಸಾಧಿಸಿದ ನಡುಭಾಗದಲ್ಲಿ ಮಾತ್ರ ತಪ್ಪು ಕೋಡ್ ಹುಟ್ಟಿಸುವ ದೋಷ ಸಿಗಲಿಲ್ಲ. ಸಿಕ್ಕವು ಆ ಗಣಿತದ ಸಾಧನೆಯ ವ್ಯಾಪ್ತಿಗೆ ಬರದ ಭಾಗಗಳಲ್ಲಿದ್ದವು.

ಹಾಗಾದರೆ ಎಲ್ಲರೂ ಕಾಂಪ್‌ಸರ್ಟ್ ಬಳಸಬೇಕೇ? ಬೇಡ. ಅದು ಹುಟ್ಟಿಸುವ ಕೋಡಿನ ವೇಗ ಜಿಸಿಸಿಯ ಮೊದಲ ಹಂತದ ಆಪ್ಟಿಮೈಸೇಶನ್‌ನ ಆಸುಪಾಸಿನದು, ಬೆಂಬಲಿಸುವ ಪ್ರೊಸೆಸರ್‌ಗಳು ಕಡಿಮೆ, ವಾಣಿಜ್ಯ ಬಳಕೆಗೆ ಪರವಾನಗಿ ಕೊಳ್ಳಬೇಕು. ವಿಕಿರಣದ ಪ್ರಮಾಣ ಅಥವಾ ಔಷಧದ ಹರಿವು ಲೆಕ್ಕ ಹಾಕುವ ಪುಟ್ಟ ತಿರುಳು ಬೇರೆಯಾಗಿ ಇದ್ದರೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಪರದೆ, ಜಾಲ, ಬ್ಲೂಟೂತ್ ಎಲ್ಲ ಸೇರಿದ ದೊಡ್ಡ ಕೋಡಿಗಲ್ಲ.

ಪ್ರಮಾಣಪತ್ರದ ಕಂಪೈಲರ್ ಕೊಂಡರೆ ಸಿಗುವುದು ದೋಷವಿಲ್ಲದ ಕಂಪೈಲರ್ ಅಲ್ಲ. ಸಿಗುವುದು ಮೂರು ವಸ್ತುಗಳು: ವರ್ಷಗಟ್ಟಲೆ ಬದಲಾಗದ ಒಂದು ಆವೃತ್ತಿ, ಹೇಗೆ ಬಳಸಬೇಕು ಮತ್ತು ಯಾವುದನ್ನು ಬಳಸಬಾರದು ಎಂದು ಹೇಳುವ ಸುರಕ್ಷತಾ ಕೈಪಿಡಿ, ಕಂಡುಬಂದ ದೋಷಗಳನ್ನು ನಮಗೆ ತಿಳಿಸುವ ವ್ಯವಸ್ಥೆ. ಜಿಸಿಸಿಯಲ್ಲೂ ಇವನ್ನೆಲ್ಲ ನಾವೇ ಮಾಡಿಕೊಳ್ಳಬಹುದು. ಆವೃತ್ತಿಯನ್ನು ಕಟ್ಟಿಹಾಕುವುದು ಸುಲಭ. ಸಾರ್ವಜನಿಕ ದೋಷಪಟ್ಟಿಯನ್ನು ನಿಯಮಿತವಾಗಿ ಓದಿ, ನಮ್ಮ ಪ್ರೊಸೆಸರ್‌ಗೆ, ನಮ್ಮ ಆಯ್ಕೆಗಳಿಗೆ ತಗಲುವಂಥದ್ದು ಯಾವುದು ಎಂದು ಗುರುತಿಸಬಲ್ಲ ಒಬ್ಬ ಇಂಜಿನಿಯರ್ ತಂಡದಲ್ಲಿ ಇದ್ದಾರೆಯೇ ಎನ್ನುವುದೇ ಪ್ರಶ್ನೆ. ಇದ್ದರೆ ಸಿ ವರ್ಗಕ್ಕೂ ಜಿಸಿಸಿ ಸಾಕು ಎಂಬುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ದುಡ್ಡು ಕೊಟ್ಟು ಆ ಇಂಜಿನಿಯರ್ ಕೆಲಸವನ್ನೇ ಕೊಳ್ಳಿ. ರಸ್ಟ್ ಭಾಷೆಯವರಿಗೂ ಈಗ ದಾರಿ ತೆರೆದಿದೆ: ಫೆರೋಸೀನ್ ಎಂಬ ಕಂಪೈಲರ್ 2023ರಲ್ಲಿ ವಾಹನ ಮತ್ತು ಕೈಗಾರಿಕಾ ಮಾನದಂಡಗಳ ಅರ್ಹತೆ ಪಡೆಯಿತು.

ಯಾವ ಕಂಪೈಲರ್ ಆರಿಸಿದರೂ ಒಂದು ಮಾತು: ಪರೀಕ್ಷೆ ನಡೆಯಬೇಕಾದದ್ದು ನಿಜವಾದ ಯಂತ್ರದ ಮೇಲೆ, ಬಿಡುಗಡೆಗೆ ಬಳಸುವ ಅದೇ ಆಯ್ಕೆಗಳೊಂದಿಗೆ. ಕಾರಣಕ್ಕೆ ಒಂದು ಲೆಕ್ಕ ನೋಡಿ. ಪಂಪಿನ ವೇಗ ಗಂಟೆಗೆ 125.0 ಮಿಲಿಲೀಟರ್. ದಶಾಂಶ ತಪ್ಪಿಸಲು ಅದನ್ನು 1250 ಎಂದು 16 ಬಿಟ್‌ನ ಚರಾಂಶದಲ್ಲಿ ಇಟ್ಟಿದ್ದೇವೆ. 30 ನಿಮಿಷದಲ್ಲಿ ಹೋದದ್ದೆಷ್ಟು? 1250ನ್ನು 30ರಿಂದ ಗುಣಿಸಿ 60ರಿಂದ ಭಾಗಿಸಿದರೆ 625, ಅಂದರೆ 62.5 ಮಿಲಿಲೀಟರ್. ಮೇಜಿನ ಕಂಪ್ಯೂಟರ್‌ನಲ್ಲಿ ಗುಣಾಕಾರ 32 ಬಿಟ್‌ನಲ್ಲಿ ನಡೆಯುತ್ತದೆ, ಉತ್ತರ ಸರಿ ಬರುತ್ತದೆ, ಪರೀಕ್ಷೆ ಪಾಸು. ಪೂರ್ಣಾಂಕ 16 ಬಿಟ್ ಮಾತ್ರ ಇರುವ ಪುಟ್ಟ ಚಿಪ್‌ನಲ್ಲಿ 37500 ಹಿಡಿಸುವುದಿಲ್ಲ, ಏಕೆಂದರೆ ಅಲ್ಲಿ ಗರಿಷ್ಠ 32767. ಸಾಮಾನ್ಯವಾಗಿ ಅದು ಮಗುಚಿಕೊಂಡು ಮೈನಸ್ 28036 ಆಗುತ್ತದೆ, ಭಾಗಿಸಿದರೆ ಮೈನಸ್ 467. ರೋಗಿಗೆ ಹೋದ ಔಷಧ ಋಣಸಂಖ್ಯೆ! ಕಂಪೈಲರ್ ಇಲ್ಲಿ ಯಾವ ತಪ್ಪನ್ನೂ ಮಾಡಿಲ್ಲ; ತಪ್ಪಾದದ್ದು ಪರೀಕ್ಷೆಗೆ ಆರಿಸಿಕೊಂಡ ಜಾಗ. ಇಂಥ ಲೆಕ್ಕ ಪುಸ್ತಕದ ಬದನೆಕಾಯಿಯಲ್ಲ. 1985ರಿಂದ 1987ರ ನಡುವೆ ರೋಗಿಗಳಿಗೆ ಮಿತಿಮೀರಿ ವಿಕಿರಣ ಸುರಿದ ಥೆರಾಕ್-25 ಯಂತ್ರದ ದೋಷಗಳಲ್ಲಿ ಒಂದು, ಒಂದೇ ಬೈಟಿನ ಎಣಿಕೆ ಪ್ರತಿ 256ನೇ ಸಲ ಸೊನ್ನೆಗೆ ಮರಳಿ, ಆ ಕ್ಷಣದಲ್ಲಿ ಸುರಕ್ಷತಾ ತಪಾಸಣೆಯನ್ನೇ ಹಾರಿಸಿಬಿಡುತ್ತಿದ್ದುದು.

ಸ್ಟ್ಯಾಟಿಕ್ ಅನಲೈಸರ್‌ಗಳು

ಕೋಡನ್ನು ಓಡಿಸದೆ ಓದಿಯೇ ದೋಷ ಹುಡುಕುವ ಈ ಟೂಲ್‌ಗಳಲ್ಲಿ ಎರಡು ಮನೋಧರ್ಮಗಳಿವೆ. ಸಿಪಿಪಿಚೆಕ್, ಕ್ಲ್ಯಾಂಗ್-ಟೈಡಿ ಮೊದಲಾದವು ನಿಮಗೆ ಕಿರಿಕಿರಿಯಾಗಬಾರದು ಎಂದು ಹೊರಟವು. ಖಚಿತ ಎನಿಸಿದ್ದನ್ನೇ ಹೇಳುತ್ತವೆ, ಅನುಮಾನ ಬಂದರೆ ಸುಮ್ಮನಿರುತ್ತವೆ. ಪಾಲಿಸ್ಪೇಸ್ ಕೋಡ್ ಪ್ರೂವರ್, ಆಸ್ಟ್ರೇ ಇದಕ್ಕೆ ವಿರುದ್ಧ. ಅವು ನೋಡುವ ಬಗೆಯ ದೋಷಗಳಲ್ಲಿ ಒಂದನ್ನೂ ಬಿಡಬಾರದು ಎಂಬುದು ಅವುಗಳ ಹಟ. ಸುರಕ್ಷಿತ ಎಂದು ಸಾಧಿಸಲಾಗದ ಪ್ರತಿ ಸಾಲನ್ನೂ ಪಾಲಿಸ್ಪೇಸ್ ಕಿತ್ತಳೆ ಬಣ್ಣದಲ್ಲಿ ತೋರಿಸುತ್ತದೆ. ಹಳೆಯ ಕೋಡಿನ ಮೇಲೆ ಮೊದಲ ಸಲ ಓಡಿಸಿದರೆ ಪರದೆಯೆಲ್ಲ ಕಿತ್ತಳೆಯಾಗಿ, ಅದನ್ನು ನೋಡಿಯೇ ಟೂಲನ್ನು ಮೂಲೆಗಿಡುವವರಿದ್ದಾರೆ. ಅದು ಟೂಲ್‌ನ ತಪ್ಪಲ್ಲ. ಯಾವ ಚರಾಂಶ ಯಾವ ವ್ಯಾಪ್ತಿಯಲ್ಲಿ ಇರುತ್ತದೆ ಎಂದು ಯಾರೂ ಎಲ್ಲೂ ಬರೆಯದ ಕೋಡಿಗೆ ಬೀಳುವ ಬಣ್ಣ ಅದು.

ಮೇಲಿನ ಪಂಪಿನ ಲೆಕ್ಕವನ್ನೇ ಈ ಎರಡೂ ಬಗೆಯ ಟೂಲ್‌ಗಳಿಗೆ ಕೊಟ್ಟು ನೋಡಿ. ಗುರಿ ಯಂತ್ರದ ಪೂರ್ಣಾಂಕ 16 ಬಿಟ್ ಎಂದು ಸೆಟ್ಟಿಂಗ್‌ನಲ್ಲಿ ಹೇಳದಿದ್ದರೆ ಎರಡೂ ತುಟಿ ಬಿಚ್ಚುವುದಿಲ್ಲ. ಹೇಳಿದರೆ ಎರಡನೆಯ ಬಗೆಯದು ಅದನ್ನು ಬಿಡುವುದಿಲ್ಲ. ಮೊದಲನೆಯದು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದರ ಮೇಲೆ ಹೇಳಲೂಬಹುದು, ಬಿಡಲೂಬಹುದು. ಅನಲೈಸರ್ ಕೊಳ್ಳುವಾಗ ಮಾರಾಟಗಾರರ ಪ್ರದರ್ಶನ ನೋಡುವುದಕ್ಕಿಂತ ಇಂಥ ಒಂದು ಸಣ್ಣ ಕಡತ ಬರೆದಿಟ್ಟುಕೊಳ್ಳುವುದು ಮೇಲು. ನಿಮ್ಮ ತಂಡದಲ್ಲಿ ಹಿಂದೆ ನಿಜವಾಗಿ ಸಿಕ್ಕ ದೋಷಗಳನ್ನೇ ಒಂದಷ್ಟು ಚಿಕ್ಕದಾಗಿ ಮತ್ತೆ ಬರೆಯಿರಿ, ಪ್ರತಿಯೊಂದರ ಪಕ್ಕದಲ್ಲಿ ಅದೇ ಕೆಲಸವನ್ನು ಸರಿಯಾಗಿ ಮಾಡುವ ಸಾಲನ್ನೂ ಇಡಿ. ಯಾವ ಟೂಲ್ ಎಷ್ಟು ಹಿಡಿಯಿತು, ಸರಿಯಿದ್ದುದನ್ನು ಎಷ್ಟು ಸಲ ತಪ್ಪೆಂದಿತು ಎಂದು ಬರೆದಿಟ್ಟರೆ ಅದೇ ನಿಮ್ಮ ಹೋಲಿಕೆಯೂ ಹೌದು, ಮುಂದೆ ಆಡಿಟರ್ ಕೇಳಿದಾಗ ತೋರಿಸುವ ದಾಖಲೆಯೂ ಹೌದು.

ಸಿ ಭಾಷೆಯಲ್ಲಿ ಸುರಕ್ಷಿತವಾಗಿ ಬರೆಯಲು ರೂಪಿಸಿದ ಮಿಸ್ರಾ ಸಿ ನಿಯಮಗಳ ಬಗ್ಗೆ ಎರಡು ಮಾತು. ಅನಲೈಸರ್‌ಗಳು ‘ಮಿಸ್ರಾ ಬೆಂಬಲ’ ಎಂದು ದೊಡ್ಡಕ್ಷರದಲ್ಲಿ ಬರೆದುಕೊಳ್ಳುತ್ತವೆ. ಯಾವ ಆವೃತ್ತಿ, ಎಷ್ಟು ನಿಯಮ, ಎಷ್ಟು ಪೂರ್ಣವಾಗಿ ಎಂದು ಕೇಳಿ. ಕೆಲವು ನಿಯಮಗಳನ್ನು ಯಾವ ಟೂಲೂ ಪೂರ್ತಿ ಪರೀಕ್ಷಿಸಲಾರದು ಎಂದು ಮಿಸ್ರಾ ತಾನೇ ಗುರುತು ಹಾಕಿದೆ. ನೂರಕ್ಕೆ ನೂರು ಎನ್ನುವ ಮಾರಾಟಗಾರರ ಮಾತನ್ನು ಆ ಗುರುತಿನ ಪಕ್ಕದಲ್ಲಿಟ್ಟು ಓದಬೇಕು.

ಪರೀಕ್ಷೆಯ ಟೂಲ್‌ಗಳು

ಟಿ2 ಏಕೆ ಹಗುರವಲ್ಲ ಎನ್ನುವುದಕ್ಕೆ ಉದಾಹರಣೆ ಇಲ್ಲಿದೆ. ಯಾರೋ ಕಡತದ ಹೆಸರು ಬದಲಿಸಿದರು, ಅಥವಾ ಯಾವ ಪರೀಕ್ಷೆಗಳು ಓಡಬೇಕೆಂದು ಸೋಸುವ ಮಾದರಿಯಲ್ಲಿ ಒಂದಕ್ಷರ ತಪ್ಪಿತು. ಒಂದು ಪರೀಕ್ಷೆಯೂ ಓಡಲಿಲ್ಲ. ಆಗ ಟೂಲ್ ಏನು ಹೇಳುತ್ತದೆ? ಪೈಥಾನ್ ಭಾಷೆಯ ಪೈಟೆಸ್ಟ್ ಆದರೆ 5 ಎಂಬ ಬೇರೆಯದೇ ಸಂಕೇತ ಕೊಟ್ಟು ನಿಲ್ಲುತ್ತದೆ, ಬಿಲ್ಡ್ ಕೆಂಪಾಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ಜೆಸ್ಟ್ ಕೂಡ ತಾನಾಗಿಯೇ ದೋಷ ಎನ್ನುತ್ತದೆ. ಬೇಕೆಂದೇ ಹೇಳಿದರೆ ಮಾತ್ರ ಬಿಟ್ಟುಬಿಡುತ್ತದೆ. ಸಿ++ ಭಾಷೆಯ ಗೂಗಲ್ ಟೆಸ್ಟ್ ವರ್ಷಗಳಿಂದ ‘ಸೊನ್ನೆ ಪರೀಕ್ಷೆ ಪಾಸು’ ಎಂದು ಹಸಿರು ತೋರಿಸುತ್ತಲೇ ಬಂದಿದೆ. ಬೇರೆ ರೀತಿ ಬೇಕಿದ್ದರೆ ನಾವೇ ಕಾವಲು ಹಾಕಿಕೊಳ್ಳಬೇಕು. ಯಾವ ಹೋಲಿಕೆ ಪಟ್ಟಿಯಲ್ಲೂ ಈ ಸಾಲು ಇರುವುದಿಲ್ಲ. ನನ್ನ ಪಟ್ಟಿಯಲ್ಲಿ ಇದು ಮೊದಲ ಸಾಲು. ಪರಿಹಾರ ಸುಲಭ: ಓಡಿದ ಪರೀಕ್ಷೆಗಳ ಸಂಖ್ಯೆಯನ್ನು ನಿರೀಕ್ಷಿತ ಸಂಖ್ಯೆಯೊಂದಿಗೆ ಹೋಲಿಸುವ ಒಂದು ಪುಟ್ಟ ಸ್ಕ್ರಿಪ್ಟ್, ಜೊತೆಗೆ ಬೇಕೆಂದೇ ಸೋಲುವ ಒಂದು ಪರೀಕ್ಷೆ. ಅದು ಸೋಲದಿದ್ದರೆ ಇಡೀ ವರದಿ ರದ್ದು.

ಕೋಡಿನ ಎಷ್ಟು ಭಾಗ ಪರೀಕ್ಷೆಗೆ ಒಳಪಟ್ಟಿತು ಎಂದು ಅಳೆಯುವ ಟೂಲ್‌ಗಳಲ್ಲಿ ಉಚಿತ ಜಿಕವ್ ಒಂದು ಕಡೆ, ವೆಕ್ಟರ್‌ಕ್ಯಾಸ್ಟ್, ಎಲ್‌ಡಿಆರ್‌ಎ ಇನ್ನೊಂದು ಕಡೆ. ವಿಮಾನಯಾನದಲ್ಲಿ ಕೇಳುವ ಎಂಸಿ/ಡಿಸಿ (ತೀರ್ಮಾನದ ಪ್ರತಿ ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದೆಂದು ತೋರಿಸುವುದು) ಎಂಬ ಕಟ್ಟುನಿಟ್ಟಿನ ಅಳತೆಗಾಗಿ ಕೆಲವರು ದುಬಾರಿ ಟೂಲ್ ಕೊಳ್ಳುತ್ತಿದ್ದರು. 2024ರಲ್ಲಿ ಜಿಸಿಸಿ 14, ಕ್ಲ್ಯಾಂಗ್ 18 ಎರಡೂ ಆ ಅಳತೆಯನ್ನು ಸೇರಿಸಿಕೊಂಡವು. ಐಇಸಿ 62304 ಅದನ್ನು ಕಡ್ಡಾಯ ಮಾಡಿಯೂ ಇಲ್ಲ. ಹಾಗಾಗಿ ಅದೊಂದೇ ಕಾರಣಕ್ಕೆ ಈಗ ಹಣ ಸುರಿಯಬೇಕಿಲ್ಲ. ಗುರಿ ಯಂತ್ರದ ಮೇಲೆಯೇ ಅಳೆಯುವ ಸೌಕರ್ಯ ಬೇಕಿದ್ದರೆ ದುಬಾರಿ ಟೂಲ್‌ಗಳಿಗೆ ಈಗಲೂ ಬೆಲೆಯಿದೆ, ಏಕೆಂದರೆ ಪುಟ್ಟ ಚಿಪ್‌ನಿಂದ ಆ ಅಂಕಿಗಳನ್ನು ಹೊರತೆಗೆಯುವುದೇ ಒಂದು ಕೆಲಸ.

ಅವಶ್ಯಕತೆ ಮತ್ತು ದಾಖಲೆಗಳ ಟೂಲ್‌ಗಳು

ಅವಶ್ಯಕತೆಯಿಂದ ಅಪಾಯಕ್ಕೆ, ಅಲ್ಲಿಂದ ಕೋಡಿಗೆ, ಅಲ್ಲಿಂದ ಪರೀಕ್ಷೆಗೆ ಕೊಂಡಿ ತೋರಿಸದೆ ಯಾವ ನಿಯಂತ್ರಣ ಸಂಸ್ಥೆಯೂ ಮುಂದೆ ಹೋಗಲು ಬಿಡುವುದಿಲ್ಲ. ಡೋರ್ಸ್, ಪೊಲಾರಿಯನ್, ಜಾಮಾ ಇದಕ್ಕೆಂದೇ ಇರುವವು. ಕೆಲಸಗಳ ಪಟ್ಟಿ ಇಡುವ ಜಿರಾಗೆ ಪ್ಲಗಿನ್ ಸೇರಿಸಿ ಸಾಗಿಸುವವರು ಹಲವರು. ಎಲ್ಲವನ್ನೂ ಸರಳ ಪಠ್ಯವಾಗಿ, ಕೋಡಿನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನಲ್ಲಿ ಇಡುವವರೂ ಇದ್ದಾರೆ. ಚಿಕ್ಕ ತಂಡಕ್ಕೆ ನನ್ನ ಮತ ಗಿಟ್‌ಗೆ: ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಕೋಡಿನ ಜೊತೆಗೇ ಉಳಿಯುತ್ತದೆ. ವೈದ್ಯರು, ಗುಣಮಟ್ಟ ವಿಭಾಗದವರು, ಕಾನೂನಿನವರು ಕೂಡ ನೇರವಾಗಿ ಬರೆಯಬೇಕಾದ ದೊಡ್ಡ ಕಂಪನಿಯಲ್ಲಿ ಅದು ನಡೆಯದು; ಅವರಿಗೆ ಮರ್ಜ್ ಸಂಘರ್ಷ (ಇಬ್ಬರ ತಿದ್ದುಪಡಿ ಒಂದೇ ಜಾಗಕ್ಕೆ ಬಿದ್ದಾಗಿನ ತೊಡಕು) ಬಿಡಿಸಲು ಕಲಿಸುವುದಕ್ಕಿಂತ ಪರವಾನಗಿ ಅಗ್ಗ.

ಇಲ್ಲಿ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಆಯುಷ್ಯ. ಯುರೋಪಿನ 2017ರ ವೈದ್ಯಕೀಯ ಉಪಕರಣ ನಿಯಮದಂತೆ ಕೊನೆಯ ಉಪಕರಣ ಮಾರುಕಟ್ಟೆಗೆ ಹೋದ ಮೇಲೂ ತಾಂತ್ರಿಕ ದಾಖಲೆಗಳನ್ನು 10 ವರ್ಷ, ದೇಹದೊಳಗೆ ಅಳವಡಿಸುವಂಥದ್ದಾದರೆ 15 ವರ್ಷ ಇಡಬೇಕು. ಟೂಲ್ ಮಾರುವ ಕಂಪನಿ ಅಲ್ಲಿಯವರೆಗೆ ಇರುತ್ತದೆಯೇ? ಆದ್ದರಿಂದ ಪ್ರಾಯೋಗಿಕ ಅವಧಿಯಲ್ಲೇ ಒಂದಿಷ್ಟು ಅವಶ್ಯಕತೆಗಳನ್ನು ಹಾಕಿ, ಕೊಂಡಿ ಕಟ್ಟಿ, ಸಹಿ ಮಾಡಿಸಿ, ಎಲ್ಲವನ್ನೂ ಹೊರಗೆ ಎಳೆದು ನೋಡಿ. ಕೊಂಡಿಗಳು, ಹಳೆಯ ಆವೃತ್ತಿಗಳು, ಸಹಿಯ ದಿನಾಂಕ ಉಳಿದವೇ ಅಥವಾ ಸುಂದರವಾದ ಪಿಡಿಎಫ್ ಮಾತ್ರ ಕೈಗೆ ಬಂತೇ? ಹಾಗೆಯೇ ಒಂದು ಅವಶ್ಯಕತೆಯ ಒಂದು ಪದ ಬದಲಿಸಿ. ಅದಕ್ಕೆ ಕಟ್ಟಿದ ಪರೀಕ್ಷೆ ತಕ್ಷಣ ‘ಮರುಪರಿಶೀಲಿಸಿ’ ಎನ್ನಬೇಕು. ಸುಮ್ಮನಿದ್ದರೆ ಆ ಕೊಂಡಿ ಬರಿಯ ಅಲಂಕಾರ.

ಕ್ಲೌಡ್‌ನಲ್ಲಿ ಓಡುವ ಟೂಲ್‌ಗಳ ತೊಡಕು ಬೇರೆ: ನೀವು ಕೇಳದೆಯೇ ಒಂದು ರಾತ್ರಿ ಆವೃತ್ತಿ ಬದಲಾಗುತ್ತದೆ. ಗುಣಮಟ್ಟ ವ್ಯವಸ್ಥೆಯಲ್ಲಿ ಬಳಸುವ ಸಾಫ್ಟ್‌ವೇರನ್ನು ಮೊದಲ ಬಳಕೆಗೆ ಮುನ್ನವೂ, ಬದಲಾವಣೆಯ ನಂತರ ಅಗತ್ಯವಿದ್ದಷ್ಟೂ, ಅಪಾಯಕ್ಕೆ ತಕ್ಕಂತೆ ಪರೀಕ್ಷಿಸಿ ಎಂದು ವೈದ್ಯಕೀಯ ಉಪಕರಣಗಳ ಗುಣಮಟ್ಟದ ಮಾನದಂಡ ಐಎಸ್‌ಒ 13485 ಹೇಳುತ್ತದೆ. ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವ, ಸಾಧ್ಯವಾದರೆ ಮುಂದೂಡಲು ಬಿಡುವ ಮಾರಾಟಗಾರರನ್ನೇ ನೋಡಿಕೊಳ್ಳಿ.

ಎಐ ಸಹಾಯಕಗಳು

ಕೋಡ್ ಬರೆದುಕೊಡುವ ಎಐ ಟೂಲ್‌ಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆಗೆ ಹೋಗುವುದಿಲ್ಲ. ಅದು ತಿಂಗಳಿಗೊಮ್ಮೆ ಬದಲಾಗುತ್ತದೆ. ಒಂದೇ ಪ್ರಶ್ನೆಗೆ ಎರಡು ಸಲ ಎರಡು ಉತ್ತರ ಕೊಡಬಲ್ಲ ಟೂಲನ್ನು ಕಂಪೈಲರ್‌ನಂತೆ ಪರೀಕ್ಷಿಸಿ ಒಪ್ಪಿಗೆ ಕೊಡಲು ಬರುವುದಿಲ್ಲ. ಅದರಿಂದ ಬಂದದ್ದನ್ನು ಹೊಸದಾಗಿ ಸೇರಿದ ಇಂಜಿನಿಯರ್ ಬರೆದ ಕೋಡಿನಂತೆ ಕಂಡು, ಅದೇ ಪರಿಶೀಲನೆಗೆ ಒಳಪಡಿಸಬೇಕು. ಕೋಡನ್ನೂ ಅದರ ಪರೀಕ್ಷೆಯನ್ನೂ ಒಂದೇ ಸಹಾಯಕದಿಂದ ಬರೆಸಬೇಡಿ. ಅವಶ್ಯಕತೆಯನ್ನು ಅದು ತಪ್ಪಾಗಿ ತಿಳಿದಿದ್ದರೆ ಎರಡರಲ್ಲೂ ಅದೇ ತಪ್ಪು ಇರುತ್ತದೆ, ಪರೀಕ್ಷೆ ಹಸಿರಾಗುತ್ತದೆ. ಇನ್ನು, ರೋಗಿಯ ಮಾಹಿತಿ ಇರುವ ಲಾಗ್ ಕಡತವನ್ನು ಅಂಟಿಸಿ ‘ದೋಷ ಎಲ್ಲಿದೆ ಹೇಳು’ ಎನ್ನುವ ಅಭ್ಯಾಸಕ್ಕೆ ಮೊದಲ ದಿನವೇ ಬೀಗ ಹಾಕಿ.

ಆರಿಸಿದ ಮೇಲೆ

ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 1992ರಿಂದ 1998ರವರೆಗೆ ಹಿಂಪಡೆಯಲಾದ ವೈದ್ಯಕೀಯ ಉಪಕರಣಗಳ 3140 ಪ್ರಕರಣಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ 242ಕ್ಕೆ ಸಾಫ್ಟ್‌ವೇರ್ ಕಾರಣ. ಆ 242ರಲ್ಲಿ 192 ದೋಷಗಳು ಮೊದಲ ಬಿಡುಗಡೆಯ ನಂತರ ಮಾಡಿದ ಬದಲಾವಣೆಗಳಿಂದ ನುಸುಳಿದ್ದವು. ಅಂಕಿ ಹಳೆಯದು, ಅದರ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಟೂಲನ್ನು ಮೊದಲ ಬಿಡುಗಡೆಯ ದಿನಕ್ಕಾಗಿ ಆರಿಸಿದರೆ ಸಾಲದು. ನಾಲ್ಕು ವರ್ಷದ ನಂತರ ಒಂದು ಸಾಲು ತಿದ್ದಿ ಮತ್ತೆ ಕಟ್ಟಬೇಕಾದ ದಿನಕ್ಕೂ ಅದು ಒದಗಬೇಕು.

ಎರಡು ಟೂಲ್‌ಗಳು ಉಳಿದೆಲ್ಲದರಲ್ಲೂ ಸಮ ಎನಿಸಿದಾಗ ನಾನು ಮಾಡುವ ಕೊನೆಯ ಪರೀಕ್ಷೆ ಇದಕ್ಕೇ ಸಂಬಂಧಿಸಿದ್ದು. ಕಂಪೈಲರ್, ಲೈಬ್ರರಿ, ಸ್ಕ್ರಿಪ್ಟ್, ಸೆಟ್ಟಿಂಗ್ ಎಲ್ಲವನ್ನೂ ಒಂದು ಕಂಟೇನರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಕಟ್ಟು) ಅಥವಾ ಡಿಸ್ಕ್ ಪ್ರತಿಯಲ್ಲಿ ಕಟ್ಟಿಡಿ. ಇದುವರೆಗೆ ಆ ಯೋಜನೆಯನ್ನು ಮುಟ್ಟದ ಬೇರೆ ಕಂಪ್ಯೂಟರ್‌ನಲ್ಲಿ, ಇಂಟರ್ನೆಟ್ ಕಿತ್ತು, ಮತ್ತೆ ಕಟ್ಟಿಸಿ. ಬಂದ ಬೈನರಿಯನ್ನು ಮೊದಲಿನದರೊಂದಿಗೆ ಬೈಟ್ ಬೈಟ್ ಹೋಲಿಸಿ. ದಿನಾಂಕ, ಸಮಯದ ಮುದ್ರೆಯಷ್ಟೇ ಬೇರೆಯಾಗಿದ್ದರೆ ಅದನ್ನು ಸ್ಥಿರಗೊಳಿಸುವ ಆಯ್ಕೆ ಜಿಸಿಸಿ, ಕ್ಲ್ಯಾಂಗ್‌ನಂಥ ಕಂಪೈಲರ್‌ಗಳಲ್ಲಿ ಇದೆ. ಬೇರೆ ವ್ಯತ್ಯಾಸವಿದ್ದರೆ ಕಾರಣ ತಿಳಿಯುವವರೆಗೆ ಮುಂದೆ ಹೋಗಬೇಡಿ. ಪರವಾನಗಿ ಸರ್ವರ್ ಸಿಗಲಿಲ್ಲ ಎಂದು ಅರ್ಧಕ್ಕೇ ನಿಂತುಬಿಟ್ಟರೆ, ಮಾರಾಟಗಾರರಿಂದ ಜಾಲವಿಲ್ಲದೆ ನಡೆಯುವ ಶಾಶ್ವತ ಪರವಾನಗಿಯನ್ನು ಬರಹದಲ್ಲಿ ಕೇಳಿ. ಕೊಡಲಾಗದು ಎಂದರೆ ಇನ್ನೊಂದನ್ನು ಕೊಳ್ಳಿ.